ನೇರಳೆ ಮಾರ್ಗದ ಬದಿಯ ಬೆರಗು

ಸಿಂಧನೂರಿನಿಂದಲೋ ಹಿರೇಕೆರೂರಿನಿಂದಲೋ ಚನ್ನರಾಯಪಟ್ಟಣದಿಂದಲೋ ಕೆಲಸ ಹುಡುಕಿ ಬಂದು, ಕೆ.ಆರ್. ಪುರದ ಆಸುಪಾಸಿನ ಪಿ.ಜಿ.ಗಳಲ್ಲಿ ಇಳಿದುಕೊಂಡಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಹಳ ವರ್ಷ ಬೆಂಗಳೂರಿನ ಈ ಪೂರ್ವ ಭಾಗದಲ್ಲೇ ಪಾಠ ಹೇಳಿಕೊಂಡು ಬಂದವನು ನಾನು. "ಸಾರ್, ಕನ್ನಡದ್ದು, ಸಂಗೀತದ್ದು, ಪುಸ್ತಕದ್ದು ಏನಿದ್ದರೂ ಬಸವನಗುಡಿ, ಮಲ್ಲೇಶ್ವರದ ಕಡೆ. ನಮ್ಮ ಕಡೆ ಮಾಲು, ಟ್ರಾಫಿಕ್ಕು, ಐ.ಟಿ. ಕಂಪನಿ ಬಿಟ್ಟರೆ ಇನ್ನೇನಿದೆ?" ಎಂಬ ಮಾತು ನನ್ನ ಕಿವಿಗೆ ಆಗಾಗ ಬೀಳುತ್ತದೆ. ಹೇಳುವವರ ತಪ್ಪೇನಿಲ್ಲ, ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ದಿನನಿತ್ಯದ ಬದುಕಿನಲ್ಲಿ ಬೆರಗು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ನನಗೆ ತೋಚುವ ಉತ್ತರ ಇದು: ಎರಡು ಸಂಗತಿಗಳ ನಡುವೆ ಕೊಂಡಿ ಬಿದ್ದಾಗ ಬರುತ್ತದೆ. ಅಜ್ಜಿ ಹೇಳಿದ್ದ ಕಥೆ ಯಾವುದೋ ಗುಡಿಯ ಕಲ್ಲಿನಲ್ಲಿ ಎದುರಾದಾಗ, ಹೆಸರು ಗೊತ್ತಿಲ್ಲದೆ ಗುನುಗುತ್ತಿದ್ದ ರಾಗವನ್ನು ಕಚೇರಿಯಲ್ಲಿ ಥಟ್ಟನೆ ಗುರುತು ಹಿಡಿದಾಗ, ಕಾದಂಬರಿಯಲ್ಲಿ ಓದಿದಂಥ ಕಾಫಿ ಹೌಸಿನಲ್ಲೇ ನೀವು ಕೂತಿದ್ದೀರಿ ಎಂದು ಹೊಳೆದಾಗ. ಇದಕ್ಕೆ ದುಡ್ಡು ಹೆಚ್ಚು ಬೇಡ. ಆದರೆ ಒಂದೇ ಪುಸ್ತಕಕ್ಕೆ, ಒಂದೇ ರಾಗಕ್ಕೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಮರಳಿ ಹೋಗುವ ತಾಳ್ಮೆ ಬೇಕು. ಹೊಸದನ್ನೇ ಬೆನ್ನು ಹತ್ತುವವರಿಗೆ ಕೊಂಡಿ ಬೀಳುವುದು ಕಷ್ಟ.

ಮೊದಲು ನಿಂತ ನೆಲದ ಕಥೆ ತುಸು ತಿಳಿದಿರಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯ ಮಲೇರಿಯಾದಿಂದ ನರಳಿತು. 1809ರಲ್ಲಿ ಅದನ್ನು ಬೆಂಗಳೂರಿಗೆ, ಹಲಸೂರಿನ ಪಕ್ಕದ ಎತ್ತರದ ಬಯಲಿಗೆ ಸಾಗಿಸಿದರು. ಅದೇ ದಂಡು ಪ್ರದೇಶ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆಯ ಪುರಸಭೆ ಬೇರೆ, ದಂಡಿನ ಪುರಸಭೆ ಬೇರೆ. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಸೈನ್ಯದ ಜೊತೆ ಬಂದ ತಮಿಳರು, ದಖನಿ ಉರ್ದು ಮಾತಾಡುವವರು, ತೆಲುಗರು, ಆಂಗ್ಲೋ-ಇಂಡಿಯನ್ನರು ಇಲ್ಲಿಯವರೇ ಆಗಿಹೋದರು. ಹಾಗಾಗಿ ಶಿವಾಜಿನಗರದಲ್ಲಿ ನಾಲ್ಕು ಹೆಜ್ಜೆಗೆ ನಾಲ್ಕು ಭಾಷೆ ಕೇಳಿಸುತ್ತವೆ. ಊರಿನಿಂದ ಹೊಸದಾಗಿ ಬಂದವರು ಇದನ್ನು ಕಂಡು ಹಿಂಜರಿಯುವುದುಂಟು. ಹಿಂಜರಿಯಬೇಕಿಲ್ಲ. ಈ ಬೆರಕೆಯೇ ಇಲ್ಲಿನ ದೊಡ್ಡ ಆಸ್ತಿ, ಮುಂದೆ ಅದನ್ನೇ ತೋರಿಸುತ್ತೇನೆ.

ಹಾದಿ ತಪ್ಪದಂತೆ ಮೆಟ್ರೋದ ನೇರಳೆ ಮಾರ್ಗ ಹಿಡಿಯೋಣ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೋ ಓಡಿದ್ದೇ ನಮ್ಮ ಪೂರ್ವದಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ. ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ಉಳಿದಿದ್ದ ತುಂಡು 2023ರ ಅಕ್ಟೋಬರ್‌ನಲ್ಲಿ ಕೂಡಿತು. ಈಗ ಕೆ.ಆರ್. ಪುರದಲ್ಲಿ ಹತ್ತಿ ಕೂತರೆ ಇಂದಿರಾನಗರ, ಹಲಸೂರು, ಎಂ.ಜಿ. ರಸ್ತೆ, ಕಬ್ಬನ್ ಪಾರ್ಕ್ ಒಂದಾದ ಮೇಲೊಂದು ಬರುತ್ತವೆ. ಕಚೇರಿ ಮುಗಿದ ಸಂಜೆ ಇಷ್ಟರಲ್ಲಿ ಒಂದು ಕಡೆ ಇಳಿದರೂ ಸಾಕು.

ಮೊದಲು ಕಬ್ಬನ್ ಪಾರ್ಕ್. ಉದ್ಯಾನದ ಮರಗಳ ನಡುವೆ ಕೆಂಪು ಬಣ್ಣದ ಕಟ್ಟಡವೊಂದಿದೆ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದವರ ಹೆಸರು ಅದಕ್ಕಿದೆ. ಒಳಗೆ ರಾಜ್ಯ ಕೇಂದ್ರ ಗ್ರಂಥಾಲಯ. ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು ಬಹಳ, ಒಳಗೆ ಹೋಗುವವರು ಕಡಿಮೆ. ಅದು ಸರ್ಕಾರಿ ಕಚೇರಿ, ಕಾವಲಿನವನು ಏನಾದರೂ ಕೇಳಿಯಾನು ಎಂಬ ಅಳುಕು ಅನೇಕರಿಗೆ. ಅಳುಕು ಬಿಡಿ. ಪುಸ್ತಕ ಮನೆಗೊಯ್ಯಲು ಸದಸ್ಯತ್ವ ಬೇಕು. ಒಳಗೆ ಕೂತು ಓದಲು ಬೇಡ. ಅಲ್ಲಿಗೆ ಹೋಗಲು ನಿಮಗೆ ಹಕ್ಕೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಗರದ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಉಪಕರ ಸೇರುತ್ತದೆ. ನೀವು ಕಟ್ಟುವ ಪಿ.ಜಿ. ಬಾಡಿಗೆಯಲ್ಲೂ ಅದರ ಒಂದು ಚೂರು ಇದ್ದೇ ಇರುತ್ತದೆ. ಈ ಕಾಯ್ದೆಯ ಹಿಂದೆ ಎಸ್.ಆರ್. ರಂಗನಾಥನ್ ಅವರ ದುಡಿಮೆಯಿದೆ. ಗ್ರಂಥಾಲಯ ಶಾಸ್ತ್ರವನ್ನು ಕಟ್ಟಿ ಜಗತ್ತಿಗೇ ಪಾಠ ಹೇಳಿದ ಆ ಮಹನೀಯರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಊರಿನಲ್ಲೇ; ತೀರಿಕೊಂಡದ್ದು 1972ರಲ್ಲಿ, ಇಲ್ಲೇ.

ಸೋಮವಾರ ಮತ್ತು ಎರಡನೇ ಮಂಗಳವಾರ ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ರಜೆ, ಇದೊಂದು ನೆನಪಿರಲಿ. ಬಡಾವಣೆಗಳಲ್ಲಿ ಶಾಖೆಗಳಿವೆ, ನಿಮ್ಮ ವಾರ್ಡಿನದು ಎಲ್ಲಿದೆ ಎಂದು ಪತ್ತೆ ಮಾಡಿ. ಚಿಕ್ಕ ಶಾಖೆಯಲ್ಲಿ ಪುಸ್ತಕ ಹಳೆಯವಿರಬಹುದು, ಬಹುಪಾಲು ಮೇಜುಗಳನ್ನು ಪರೀಕ್ಷೆಗೆ ಓದುವ ಮಕ್ಕಳು ಹಿಡಿದಿರಬಹುದು. ಬೇಸರಪಡಬೇಡಿ. ಈಗ ಅಂಗಡಿಯಲ್ಲಿ ಸಿಗದ ಪುಸ್ತಕಗಳು ಆ ಹಳೆಯ ಕಪಾಟುಗಳಲ್ಲೇ ಉಳಿದಿರುತ್ತವೆ.

ಏನು ಓದಲಿ ಎಂದು ಕೇಳುತ್ತೀರಿ. ಶಾಲೆ ಬಿಟ್ಟ ಮೇಲೆ ಕನ್ನಡ ಪುಸ್ತಕವನ್ನೇ ಕೈಗೆತ್ತಿಕೊಳ್ಳದವರು ದಪ್ಪ ಕಾದಂಬರಿಗೆ ಕೈ ಹಾಕಬೇಡಿ. ಅರ್ಧಕ್ಕೆ ನಿಂತರೆ "ನನಗೆ ಓದು ಒಗ್ಗುವುದಿಲ್ಲ" ಎಂಬ ತೀರ್ಮಾನಕ್ಕೆ ಬಂದುಬಿಡುತ್ತೀರಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ತೆಗೆದುಕೊಳ್ಳಿ. 1980ರಲ್ಲಿ ಬಂದ ಪುಸ್ತಕ. ಮೂಡಿಗೆರೆಯ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಥೆ. ವಿಜ್ಞಾನಿ, ರೈತ, ಹಳ್ಳಿಯ ಹುಡುಗ ಎಲ್ಲರೂ ಒಂದೇ ಕುತೂಹಲಕ್ಕೆ ಬೀಳುತ್ತಾರೆ. ಬೆರಗೆಂದರೇನು ಎಂದು ನಾನು ಪುಟಗಟ್ಟಲೆ ವಿವರಿಸುವುದಕ್ಕಿಂತ ಆ ಒಂದು ಪುಸ್ತಕ ಓದಿಸುವುದು ಮೇಲು.

ಎರಡನೆಯದಾಗಿ ವಿವೇಕ ಶಾನಭಾಗರ 'ಘಾಚರ್ ಘೋಚರ್'. 2013ರಲ್ಲಿ ಪ್ರಕಟವಾದ, ಒಂದೇ ರಜಾದಿನದಲ್ಲಿ ಮುಗಿಸಬಹುದಾದ ಕಿರು ಕಾದಂಬರಿ. ಬೆಂಗಳೂರಿನ ಸಂಸಾರವೊಂದು ಬಡತನದಿಂದ ಸಿರಿತನಕ್ಕೆ ಜಿಗಿದಾಗ ಒಳಗೊಳಗೇ ಏನೇನು ಗೋಜಲಾಗುತ್ತದೆ ಎಂಬುದು ಅದರ ವಸ್ತು. ಕಥೆ ತೆರೆದುಕೊಳ್ಳುವುದೇ ಒಂದು ಕಾಫಿ ಹೌಸಿನಲ್ಲಿ. ಅಲ್ಲಿನ ಮಾಣಿ ವಿನ್ಸೆಂಟ್ ಒಮ್ಮೆ ಪರಿಚಯವಾದರೆ ಮರೆಯುವವನಲ್ಲ. ಇದನ್ನು ಓದಲು ನಾನು ಹುಡುಗರನ್ನು ಚರ್ಚ್ ಸ್ಟ್ರೀಟಿಗೆ ಕಳಿಸುತ್ತೇನೆ. ಎಂ.ಜಿ. ರಸ್ತೆಯಲ್ಲಿ ದಶಕಗಳ ಕಾಲ ಇದ್ದ ಇಂಡಿಯನ್ ಕಾಫಿ ಹೌಸ್ 2009ರಲ್ಲಿ ಅಲ್ಲಿಗೆ ಬಂತು. ಕಥೆಯ ಕಾಫಿ ಹೌಸ್ ಇದೇ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಬೇಕಾಗಿಯೂ ಇಲ್ಲ. ಪೇಟ ಸುತ್ತಿದ ಮಾಣಿ ಬಿಸಿ ಕಾಫಿ ತಂದಿಟ್ಟಾಗ, ಎದುರಿನ ಮೇಜಿನಲ್ಲಿ ಒಬ್ಬರೇ ಕೂತ ವ್ಯಕ್ತಿ ಯಾರಿರಬಹುದು, ಮನೆಗೆ ಹೋಗಲು ಯಾಕೆ ತಡಮಾಡುತ್ತಿರಬಹುದು ಎಂಬ ಯೋಚನೆ ತಾನಾಗಿ ಬರುತ್ತದೆ. ಬಂದರೆ ಕಾದಂಬರಿ ನಿಮ್ಮೊಳಗೆ ಇಳಿಯಿತು ಎಂದೇ ಅರ್ಥ.

ಚರ್ಚ್ ಸ್ಟ್ರೀಟಿಗೆ ಹೋದ ಮೇಲೆ ಪುಸ್ತಕದಂಗಡಿ ತಪ್ಪಿಸಿಕೊಳ್ಳುವಂತಿಲ್ಲ. ಈ ಬೀದಿಯ ಹೆಸರು ಹೇಳಿದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್. 1971ರಿಂದ 2009ರವರೆಗೆ ನಡೆದ ಚಿಕ್ಕ ಅಂಗಡಿ. ನೆಲದಿಂದ ಛಾವಣಿಯವರೆಗೆ ಪುಸ್ತಕದ ರಾಶಿ. ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯ ಸಾಲಿನಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಹೆಚ್ಚು ಮಾತಿಲ್ಲ, ಒತ್ತಾಯವಿಲ್ಲ. ಕೇಳುವ ಮೊದಲೇ ರಿಯಾಯಿತಿ. ಅವರು 2021ರಲ್ಲಿ ತೀರಿಕೊಂಡಾಗ ಎಷ್ಟೋ ಓದುಗರು ತಮ್ಮ ಮನೆಯ ಹಿರಿಯರನ್ನು ಕಳೆದುಕೊಂಡಂತೆ ದುಃಖಪಟ್ಟರು. ಅಂಗಡಿಯವನು ಓದುಗನನ್ನು ಬೆಳೆಸಬಲ್ಲ ಎಂಬುದಕ್ಕೆ ಅವರಷ್ಟು ದೊಡ್ಡ ಸಾಕ್ಷಿ ನನಗೆ ಬೇರೆ ಗೊತ್ತಿಲ್ಲ.

ಈಗ ಅದೇ ಬೀದಿಯಲ್ಲಿ ಮಾಯಿಗೌಡರ ಬ್ಲಾಸಮ್ ಇದೆ, ಕೃಷ್ಣಗೌಡರ ಬುಕ್‌ವರ್ಮ್ ಇದೆ. ಮಾಯಿಗೌಡರು ಇಂಜಿನಿಯರಿಂಗ್ ಓದಿಯೂ ಎಂ.ಜಿ. ರಸ್ತೆಯ ಫುಟ್‌ಪಾತ್ ಮೇಲೆ ಹಳೆ ಪುಸ್ತಕ ಹರಡಿ ಮಾರುತ್ತಿದ್ದವರು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಂಗಡಿ ತೆರೆದರು. ದಂಡಿನ ಇಂಗ್ಲಿಷ್ ಓದುಗರಿಗೆ ಇಷ್ಟು ದೊಡ್ಡ ಪುಸ್ತಕ ಭಂಡಾರ ಕಟ್ಟಿಕೊಟ್ಟವರು ಹಳ್ಳಿಯಿಂದ ಬಂದ ಕನ್ನಡದ ಮಕ್ಕಳು ಎಂಬುದು ನನಗೆ ತುಂಬ ಹೆಮ್ಮೆಯ ವಿಷಯ. ಇನ್ನೂ ಹಿಂದಕ್ಕೆ ಹೋಗಬೇಕೆನಿಸಿದರೆ ಬ್ರಿಗೇಡ್ ರಸ್ತೆಯ ಒಳದಾರಿಯಲ್ಲಿ ಸೆಲೆಕ್ಟ್ ಬುಕ್‌ಶಾಪ್ ಇದೆ. 1945ರಲ್ಲಿ ಕೆ.ಬಿ.ಕೆ. ರಾವ್ ಶುರು ಮಾಡಿದ್ದು. ಹಳೆಯ, ಅಪರೂಪದ ಪುಸ್ತಕಗಳಿಗೆ ಹೆಸರಾದದ್ದು. ಅಂಗಡಿಯಲ್ಲಿ ಒಂದು ಕ್ರಮ ಪಾಲಿಸಿ. ಪಟ್ಟಿ ಹಿಡಿದು ಹೋಗಬೇಡಿ. ಕನ್ನಡದ ಕಪಾಟು ಎಲ್ಲಿ ಎಂದು ಕೇಳಿ, ಅಲ್ಲಿ ನಿಂತು ಯಾವುದಾದರೂ ಪುಸ್ತಕದ ಮೊದಲ ಎರಡು ಪುಟ ಓದಿ. ಮೂರನೆಯ ಪುಟ ತಿರುವಬೇಕೆನಿಸಿದರೆ ಕೊಂಡುಕೊಳ್ಳಿ.

ಇದೇ ದಂಡಿನಲ್ಲಿ 1896ರಲ್ಲಿ ಇಪ್ಪತ್ತೊಂದರ ಸೈನ್ಯಾಧಿಕಾರಿಯೊಬ್ಬ ಬಂದಿಳಿದ. ಬೆಳಿಗ್ಗೆ ಕವಾಯತು, ಸಂಜೆ ಪೋಲೊ. ನಡುವಿನ ಉರಿಬಿಸಿಲಿನ ಹೊತ್ತು ಖಾಲಿ. ತಾನು ಏನೂ ಓದಿಲ್ಲವೆಂದು ನಾಚಿ, ತಾಯಿಗೆ ಬರೆದು ಪುಸ್ತಕ ತರಿಸಿಕೊಂಡು, ಗಿಬ್ಬನ್, ಮೆಕಾಲೆ, ಪ್ಲೇಟೊ ಎಂದು ದಿನವೂ ಗಂಟೆಗಟ್ಟಲೆ ಓದಿದ. ಹೆಸರು ವಿನ್‌ಸ್ಟನ್ ಚರ್ಚಿಲ್. ಮುಂದೆ ಆತ ನಮ್ಮ ಸ್ವಾತಂತ್ರ್ಯಕ್ಕೆ ಅಡ್ಡಗಾಲು ಹಾಕಿದವನು. ಅವನನ್ನು ಮೆಚ್ಚಿ ಈ ಮಾತು ಹೇಳುತ್ತಿಲ್ಲ. ಊರು ಬಿಟ್ಟು ಬಂದು, ಯಾರ ಪರಿಚಯವೂ ಇಲ್ಲದೆ, ಮಧ್ಯಾಹ್ನ ಹೇಗೆ ಕಳೆಯುವುದೆಂದು ತಿಳಿಯದ ವಯಸ್ಸಿನಲ್ಲಿ ಓದು ಹೇಗೆ ಹಿಡಿಯಬಹುದು ಎಂಬುದಕ್ಕೆ ಈ ನೆಲದಲ್ಲೇ ನಡೆದ ಉದಾಹರಣೆ ಅದು.

ಈಗ ಹಲಸೂರು. ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸೋಮೇಶ್ವರನ ಗುಡಿಯಿದೆ. ವಿಜಯನಗರದ ಕಾಲದ ಕೆತ್ತನೆ, ಎತ್ತರದ ಗೋಪುರ. ಭಕ್ತಿ ಇದ್ದವರು ಹೇಗೂ ಹೋಗುತ್ತಾರೆ, ಇಲ್ಲದವರೂ ಹೋಗಿ. ಸೋಮವಾರ ಜನ ಜಾಸ್ತಿ. ಬೇರೆ ದಿನ, ಬೆಳಕಿರುವಾಗ ಹೋದರೆ ಕಂಬ, ಗೋಡೆಗಳನ್ನು ಪುಸ್ತಕದ ಹಾಗೆ ಓದಬಹುದು. ರಾವಣ ಕೈಲಾಸವನ್ನೆತ್ತುತ್ತಿರುವುದು ಕಾಣುತ್ತದೆ. ಹಾಸನದ ಕಡೆಯವರಾದರೆ ಇದೇ ರಾವಣನನ್ನು ಹಳೇಬೀಡಿನಲ್ಲಿ ನೋಡಿರುತ್ತೀರಿ; ಎಲ್ಲೋರದಲ್ಲೂ ಇದ್ದಾನೆ. ದುರ್ಗೆ ಮಹಿಷನನ್ನು ಕೊಲ್ಲುತ್ತಿದ್ದಾಳೆ. ಶಿವ ಪಾರ್ವತಿಯರ ಮದುವೆ ನಡೆಯುತ್ತಿದೆ. ಶಿವಭಕ್ತರಾದ ನಾಯನ್ಮಾರರ ವಿಗ್ರಹಗಳಿವೆ.

ಇಲ್ಲಿ ನಿಲ್ಲಿ, ಅವಸರ ಬೇಡ. ಈ ನಾಯನ್ಮಾರರು ಯಾರು? ತಮಿಳು ನಾಡಿನಲ್ಲಿ ಆಗಿಹೋದ ಶಿವಭಕ್ತರು, ಒಟ್ಟು 63 ಮಂದಿ. ರಾಜರು, ಅಗಸರು, ಕುಂಬಾರರು, ಬೇಡರು, ಬೆಸ್ತರು, ಹೆಂಗಸರು ಎಲ್ಲರೂ ಆ ಸಾಲಿನಲ್ಲಿದ್ದಾರೆ. 12ನೆಯ ಶತಮಾನದಲ್ಲಿ ಸೇಕ್ಕಿಳಾರ್ ಇವರ ಕಥೆಗಳನ್ನು ತಮಿಳಿನಲ್ಲಿ 'ಪೆರಿಯ ಪುರಾಣ'ವಾಗಿ ಬರೆದ. ಅದಾದ ಕೆಲವು ದಶಕಗಳಲ್ಲಿ ಹಂಪೆಯ ಹರಿಹರ ಇದೇ ಭಕ್ತರನ್ನು ಕನ್ನಡದ ರಗಳೆಗಳಲ್ಲಿ ಹಾಡಿದ. ನಮ್ಮಲ್ಲಿ ಇವರಿಗೆ ಅರವತ್ತುಮೂವರು ಪುರಾತನರು ಎಂದು ಹೆಸರು. 'ನಂಬಿಯಣ್ಣನ ರಗಳೆ'ಯ ನಾಯಕ ತಮಿಳಿನ ಸುಂದರರ್. ಅಲ್ಲಿ ಗೋಡೆಯ ಮೇಲಿರುವ ಮದುವೆಯನ್ನೂ ಹರಿಹರ ಬಿಟ್ಟಿಲ್ಲ. 'ಗಿರಿಜಾಕಲ್ಯಾಣ' ಎಂಬ ಚಂಪೂ ಕಾವ್ಯವನ್ನೇ ಬರೆದಿದ್ದಾನೆ.

ಈ ಅರವತ್ತುಮೂವರಲ್ಲಿ ಒಬ್ಬ ಕಣ್ಣಪ್ಪ. ಅವನ ಕಥೆ ನಿಮಗೆ ಗೊತ್ತಿದೆ. ಕಾಡಿನ ಬೇಡ, ಮಂತ್ರ ಬಾರದು, ಮಡಿ ತಿಳಿಯದು. ಬಾಯಲ್ಲಿ ತುಂಬಿ ತಂದ ನೀರಿನಲ್ಲಿ ಲಿಂಗಕ್ಕೆ ಅಭಿಷೇಕ ಮಾಡುತ್ತಾನೆ, ತಾನು ರುಚಿ ನೋಡಿದ ಮಾಂಸವನ್ನೇ ನೈವೇದ್ಯಕ್ಕಿಡುತ್ತಾನೆ. ಒಂದು ದಿನ ಲಿಂಗದ ಕಣ್ಣಿನಿಂದ ರಕ್ತ ಸುರಿಯುತ್ತದೆ. ತನ್ನ ಕಣ್ಣನ್ನೇ ಬಾಣದಿಂದ ಕಿತ್ತು ಅಲ್ಲಿಗೆ ಹಚ್ಚುತ್ತಾನೆ. ಆಗ ಇನ್ನೊಂದು ಕಣ್ಣೂ ಸುರಿಯತೊಡಗುತ್ತದೆ. ಎರಡನೆಯ ಕಣ್ಣೂ ಹೋದ ಮೇಲೆ ಜಾಗ ಹೇಗೆ ತಿಳಿಯಬೇಕು? ಗುರುತಿಗೆಂದು ಪಾದವನ್ನು ಲಿಂಗದ ಕಣ್ಣಿನ ಮೇಲೂರಿ ಬಾಣವೆತ್ತುತ್ತಾನೆ. ಶಿವ ಕೈ ಹಿಡಿದು ತಡೆಯುತ್ತಾನೆ.

ಈ ಕಥೆ ಗುಬ್ಬಿ ಕಂಪನಿಯ ರಂಗದ ಮೇಲೆ ನಾಟಕವಾಯಿತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅದನ್ನು 'ಬೇಡರ ಕಣ್ಣಪ್ಪ' ಎಂಬ ಚಿತ್ರ ಮಾಡಿದರು. ಗುಬ್ಬಿ ಕಂಪನಿಯ ಮುತ್ತುರಾಜ್ ಆ ಚಿತ್ರದ ನಾಯಕನಾಗಿ ರಾಜ್‌ಕುಮಾರ್ ಆದರು. ಅದೇ ವರ್ಷ ತೆಲುಗಿನ 'ಕಾಳಹಸ್ತಿ ಮಹಾತ್ಮ್ಯಂ'ನಲ್ಲೂ ಅವರೇ ಕಣ್ಣಪ್ಪ.

ಈಗ ಕೊಂಡಿ ಹಾಕಿ ನೋಡಿ. ತಮಿಳಿನ ಪುರಾಣ, ಕನ್ನಡದ ರಗಳೆ, ವಿಜಯನಗರದ ಕಲ್ಲು, ಗುಬ್ಬಿಯ ರಂಗ, ಅಣ್ಣಾವ್ರು ನಾಯಕರಾದ ಮೊದಲ ಚಿತ್ರ ಎಲ್ಲವೂ ಹಲಸೂರಿನ ಒಂದು ಗುಡಿಯ ಅಂಗಳದಲ್ಲಿ ನಿಂತವರ ತಲೆಯಲ್ಲಿ ಒಟ್ಟಿಗೆ ಕೂಡುತ್ತವೆ. ಪಕ್ಕದಲ್ಲಿ ಕೈಮುಗಿದು ನಿಂತ ಅಜ್ಜಿ ಮನೆಯಲ್ಲಿ ತಮಿಳು ಮಾತಾಡುವವರಿರಬಹುದು, ಹೂ ಮಾರುವವರು ತೆಲುಗಿನವರಿರಬಹುದು. ಮೂವರಿಗೂ ಕಣ್ಣಪ್ಪ ಗೊತ್ತು. ನಾನು ಪಾಠದಲ್ಲಿ ರಗಳೆ ಮಾಡುವಾಗ ಮಕ್ಕಳ ಕಣ್ಣು ಮುಚ್ಚುತ್ತಿದ್ದವು. ಚಿತ್ರ ತೋರಿಸಿ, ಗುಡಿಗೆ ಕರೆದೊಯ್ದು, ಆಮೇಲೆ ರಗಳೆ ಓದಿದರೆ ಅವೇ ಕಣ್ಣುಗಳು ಅರಳುತ್ತಿದ್ದವು. ಹೊಸಬರೂ ಇದೇ ಕ್ರಮ ಹಿಡಿಯಿರಿ: ಮೊದಲು ಸಿನಿಮಾ ನೋಡಿ, ನಂತರ ಕಲ್ಲು, ಕಡೆಗೆ ಕಾವ್ಯ. ಹಳಗನ್ನಡಕ್ಕೆ ಹೆದರಬೇಡಿ, ಗದ್ಯಾನುವಾದ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ಗಟ್ಟಿಯಾಗಿ ಓದಿ. ರಗಳೆ ಬಾಯಿಬಿಟ್ಟು ಓದಿದರೇ ಓಡುವುದು.

ಏಪ್ರಿಲ್ ಹೊತ್ತಿಗೆ ಸೋಮೇಶ್ವರನ ಉತ್ಸವ ಬರುತ್ತದೆ. ಸುತ್ತಲಿನ ಗುಡಿಗಳ ಹೂವಿನ ಪಲ್ಲಕ್ಕಿಗಳು ರಾತ್ರಿಯಿಡೀ ಹಲಸೂರಿನ ಬೀದಿಗಳಲ್ಲಿ ಸಾಲುಗಟ್ಟುತ್ತವೆ. ನಾದಸ್ವರ, ಡೋಲು ಕೇಳುತ್ತಲೇ ಇರುತ್ತವೆ. ಹಾಗೆಯೇ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರಂದು ಮಾತೆಯ ಹಬ್ಬ. ಆಗಸ್ಟ್ 29ರಿಂದಲೇ ಪ್ರಾರ್ಥನೆಗಳು ಶುರು, ಕನ್ನಡದಲ್ಲೂ. ಕಾವಿ ಬಣ್ಣದ ಸೀರೆಯುಟ್ಟು ಬರುವ ಹೆಂಗಸರನ್ನು, ತೇರನ್ನು, ಗುಂಪಾಗಿ ಹಾಡುವವರನ್ನು ಒಮ್ಮೆ ನೋಡಿ ಬನ್ನಿ.

ಸಂಗೀತಕ್ಕೆ ಬರೋಣ. ಹೊಸಬರು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ. "ನಮಗೇನು ಅರ್ಥವಾಗುತ್ತದೆ ಸಾರ್, ಎರಡು ಗಂಟೆ ಹೇಗೆ ಕೂರುವುದು?" ಕೂರುವುದು ಹೇಗೆಂದು ಹೇಳಿಕೊಡುತ್ತೇನೆ.

ಇಂದಿರಾನಗರದಲ್ಲಿ ಪುರಂದರ ಭವನವಿದೆ, ಇಂದಿರಾನಗರ ಸಂಗೀತ ಸಭಾದವರದು. ಕರ್ನಾಟಕ ಸಂಗೀತದ ಕಚೇರಿಗಳು ಅಲ್ಲಿ ನಡೆಯುತ್ತವೆ. ಹೆಸರಿನಲ್ಲಿಯೇ ಪುರಂದರದಾಸರಿದ್ದಾರೆ, ಅವರಿಂದಲೇ ಶುರು ಮಾಡೋಣ. ದಾಸರ ಕಾಲ 1484ರಿಂದ 1564. ಮದ್ರಾಸಿನಲ್ಲಾಗಲಿ, ತಿರುವನಂತಪುರದಲ್ಲಾಗಲಿ, ಅಮೆರಿಕದ ಯಾವುದೋ ಊರಿನಲ್ಲಾಗಲಿ ಮಗುವೊಂದು ಕರ್ನಾಟಕ ಸಂಗೀತ ಕಲಿಯಲು ಕೂತರೆ ಮೊದಲು ಹಾಡುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆ. ಆ ಪಾಠಕ್ರಮ ದಾಸರು ಹಾಕಿಕೊಟ್ಟದ್ದು. ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಮೆಟ್ಟಿಲುಗಳು ಈ ಹೊತ್ತಿಗೂ ಹಾಗೆಯೇ ಇವೆ. ನಾಲ್ಕೂವರೆ ಶತಮಾನ ಕಳೆದರೂ ಬದಲಾಗದ ಇಂಥ ಪಾಠ ನಮ್ಮ ಶಿಕ್ಷಕ ವೃತ್ತಿಯಲ್ಲಿ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಕಚೇರಿಗೆ ಹೋಗುವ ಮೊದಲು ಆದಿತಾಳ ಕಲಿತುಕೊಳ್ಳಿ, ಐದು ನಿಮಿಷದ ಕೆಲಸ. ಬಲಗೈಯನ್ನು ತೊಡೆಯ ಮೇಲೆ ತಟ್ಟಿ, ಅದು ಒಂದು. ಕಿರುಬೆರಳು ಮುಟ್ಟಿಸಿ, ಎರಡು. ಉಂಗುರ ಬೆರಳು, ಮೂರು. ನಡುಬೆರಳು, ನಾಲ್ಕು. ಈಗ ಮತ್ತೆ ತಟ್ಟಿ, ಐದು. ಅಂಗೈ ಮೇಲಾಗಿ ತಿರುಗಿಸಿ, ಆರು. ಇನ್ನೊಮ್ಮೆ ತಟ್ಟಿ, ಏಳು, ತಿರುಗಿಸಿ, ಎಂಟು. ತಟ್ಟುವುದಕ್ಕೆ ಪೆಟ್ಟು ಎಂದೂ ತಿರುಗಿಸುವುದಕ್ಕೆ ಹುಸಿ ಎಂದೂ ಹೇಳುತ್ತಾರೆ. ಎಂಟು ಎಣಿಕೆಗೆ ಒಂದು ಆವರ್ತನ. ಸಭೆಯಲ್ಲಿ ಸುತ್ತ ಕೂತವರ ಕೈ ನೋಡಿ. ಹಿರಿಯರು, ಮಕ್ಕಳು ಹೀಗೇ ಎಣಿಸುತ್ತಿರುತ್ತಾರೆ. ಅವರ ಕೈಯ ಜೊತೆ ನಿಮ್ಮ ಕೈ ಸೇರಿತೆಂದರೆ ನೀವು ಕೇಳುಗರ ಸಾಲಿಗೆ ಸೇರಿದಿರಿ.

ಕಚೇರಿಗೊಂದು ಆಕಾರ ಇರುತ್ತದೆ. ಸಾಮಾನ್ಯವಾಗಿ ವರ್ಣದಿಂದ ಆರಂಭ, ನಂತರ ಗಣಪತಿಯ ಮೇಲೆ ಒಂದು ಕೃತಿ, ಆಮೇಲೆ ಒಂದೆರಡು ಚಿಕ್ಕ ಕೃತಿಗಳು. ನಡುವೆ ಮುಖ್ಯ ಕೃತಿ ಬರುತ್ತದೆ. ಅದಕ್ಕೆ ಮೊದಲು ಗಾಯಕರು ಮಾತಿಲ್ಲದೆ, ತಾಳವಿಲ್ಲದೆ ರಾಗವನ್ನಷ್ಟೇ ಬಿಡಿಸುತ್ತಾ ಹೋಗುತ್ತಾರೆ, ಅದು ಆಲಾಪನೆ. ಹೊಸಬರು ಫೋನ್ ತೆಗೆಯುವುದು ಈ ಹೊತ್ತಿನಲ್ಲೇ. ತೆಗೆಯಬೇಡಿ. ಒಂದೇ ಕೆಲಸ ಮಾಡಿ: ಗಾಯಕರು ಯಾವ ಸ್ವರದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತಾರೆ, ನಿಂತದ್ದನ್ನು ಪಿಟೀಲು ಹೇಗೆ ಹಿಂಬಾಲಿಸುತ್ತದೆ ಎಂಬುದಕ್ಕಷ್ಟೇ ಕಿವಿ ಕೊಡಿ. ಕೃತಿ ಶುರುವಾದ ಮೇಲೆ ಒಂದೇ ಸಾಲನ್ನು ಹಲವು ಬಗೆಯಲ್ಲಿ ತಿರುಗಿಸಿ ಹಾಡಿದರೆ ಅದು ನೆರವಲ್. ಸ ರಿ ಗ ಮ ಎಂದು ಅಲ್ಲೇ ಹುಟ್ಟಿಸಿಕೊಂಡು ಹಾಡಿದರೆ ಕಲ್ಪನಾಸ್ವರ. ಪ್ರತಿ ಸಲವೂ ಅವರು ಎಲ್ಲಿಗೆ ಹಾರಿದರೂ ಅದೇ ಸಾಲಿನ ಅದೇ ಜಾಗಕ್ಕೆ ಬಂದು ಇಳಿಯಬೇಕು. ಕೈಯಲ್ಲಿ ತಾಳ ಇಟ್ಟುಕೊಂಡು ಆ ಇಳಿಯುವ ಕ್ಷಣಕ್ಕೆ ಕಾಯಿರಿ. ಸರಿಯಾಗಿ ಬಂದಿಳಿದಾಗ ಸಭೆಯ ಬಾಯಿಂದ ಹೊರಡುವ ಉದ್ಗಾರ ನಿಮ್ಮ ಬಾಯಿಂದಲೂ ಹೊರಡುತ್ತದೆ.

ಆಮೇಲೆ ಮೃದಂಗದವರ ತನಿ ಆವರ್ತನ. ಕೆಲವರು ಆಗ ಎದ್ದು ಕಾಫಿಗೆ ಹೋಗುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಅಭ್ಯಾಸ. ಕೂತಿರಿ, ಮೃದಂಗ, ಘಟ, ಖಂಜಿರಗಳು ಮಾತಾಡಿಕೊಳ್ಳುವುದನ್ನು ಕೇಳಿ. ಕೊನೆಯಲ್ಲಿ ದೇವರನಾಮಗಳು, ತಿಲ್ಲಾನ, ಮಂಗಳ. ದೇವರನಾಮದ ಹೊತ್ತಿಗೆ ನಿಮಗೆ ಗೊತ್ತಿರುವ ಮಾತುಗಳೇ ಬರುತ್ತವೆ, ಅವೇ ದಾಸರು ಮತ್ತೆ ಎದುರಾಗುತ್ತಾರೆ.

ಒಂದು ವರ್ಷ ಒಂದೇ ರಾಗವನ್ನು ಹಿಡಿದುಕೊಳ್ಳಿ ಎಂಬುದು ನನ್ನ ಸಲಹೆ. ಮೋಹನ ಒಳ್ಳೆಯದು, ಸ ರಿ ಗ ಪ ಧ, ಐದೇ ಸ್ವರ. ಯೂಟ್ಯೂಬಿನಲ್ಲಿ ಮೋಹನ ರಾಗವೆಂದು ಹುಡುಕಿ, ಬೇರೆ ಬೇರೆಯವರು ಹಾಡಿದ್ದನ್ನು, ನುಡಿಸಿದ್ದನ್ನು ಕೇಳಿ. ಕೆಲವು ತಿಂಗಳಲ್ಲಿ ಅದು ಸಿನಿಮಾ ಹಾಡಿನಲ್ಲಿ, ಮದುವೆಯ ನಾದಸ್ವರದಲ್ಲಿ ಕೇಳಿಸತೊಡಗುತ್ತದೆ. ಚೀನಾದ ಜಾನಪದ ಸಂಗೀತದಲ್ಲೂ ಸ್ಕಾಟ್ಲೆಂಡಿನ ಹಳ್ಳಿ ಹಾಡುಗಳಲ್ಲೂ ಇದೇ ಐದು ಸ್ವರಗಳ ಮೇಳವಿದೆ. ಗುರುತು ಹಿಡಿದ ಆ ದಿನ ಯಾರಿಗಾದರೂ ಫೋನ್ ಮಾಡಿ ಹೇಳಬೇಕೆನಿಸುತ್ತದೆ. ನನಗೆ ಮಾಡಿದ ಮಕ್ಕಳಿದ್ದಾರೆ.

ಕಚೇರಿಗೆ ಹೋಗಲು ಬಿಡುವಿಲ್ಲದವರಿಗೆ ಆಕಾಶವಾಣಿಯಿದೆ. ರಾಜಭವನ ರಸ್ತೆಯಲ್ಲಿರುವ ಬೆಂಗಳೂರು ಕೇಂದ್ರದಿಂದ 'ಅಮೃತವರ್ಷಿಣಿ' ಎಂಬ ಶಾಸ್ತ್ರೀಯ ಸಂಗೀತದ ವಾಹಿನಿ 100.1 ಎಫ್.ಎಂ.ನಲ್ಲಿ ಬರುತ್ತದೆ. ರೇಡಿಯೊದಲ್ಲಿ ಒಂದು ಒಳ್ಳೆಯ ಗುಣವಿದೆ: ಮುಂದಿನ ಹಾಡು ಯಾವುದೆಂದು ನೀವು ಆರಿಸುವಂತಿಲ್ಲ. ನೀವು ಎಂದೂ ಹುಡುಕದಿದ್ದುದನ್ನು ಅದು ಕೇಳಿಸಿಬಿಡುತ್ತದೆ.

ಮಾತು ಕೇಳುವ ಆಸೆಯಿದ್ದರೆ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗೆ ಹೋಗಿ. ಉಪನ್ಯಾಸ, ನಾಟಕ, ಚಲನಚಿತ್ರ, ಹೆಚ್ಚಿನವು ಉಚಿತ. ಇಂದಿರಾನಗರದ ಆಟ ಗಲಾಟ ಪುಸ್ತಕದಂಗಡಿಯಲ್ಲಿ ಕನ್ನಡದ ಲೇಖಕರೂ ಬಂದು ಓದುತ್ತಾರೆ. ಹಳೆಯ ಚಿತ್ರಮಂದಿರಗಳ ವಿಷಯದಲ್ಲಿ ಮಾತ್ರ ನಿಮಗೆ ತೋರಿಸಲು ನನ್ನ ಬಳಿ ಹೆಚ್ಚೇನಿಲ್ಲ. 1936ರ ಪ್ಲಾಜಾ ಮೆಟ್ರೋಗಾಗಿ ಹೋಯಿತು, ಹಲಸೂರಿನ ಲಿಡೊ ಇದ್ದಲ್ಲಿ ಮಾಲ್ ಬಂತು.

ಸಿನಿಮಾ ಅಲ್ಲಿಂದ ಆಟೊ ನಿಲ್ದಾಣಗಳಿಗೆ ಬಂದು ಕೂತಿದೆ. ಕೆ.ಆರ್. ಪುರ, ಹಲಸೂರು, ಶಿವಾಜಿನಗರದ ನಿಲ್ದಾಣಗಳನ್ನು ಗಮನಿಸಿ: ಫಲಕದ ಮೇಲೆ ಶಂಕರ್‌ನಾಗ್ ಚಿತ್ರ. 1980ರಲ್ಲಿ 'ಆಟೊ ರಾಜ' ಚಿತ್ರದಲ್ಲಿ ಅವರು ಆಟೊ ಓಡಿಸಿದರು. 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡರು. ಇಷ್ಟು ವರ್ಷ ಕಳೆದರೂ ಚಾಲಕರು ಆ ಪ್ರೀತಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರು ನಡೆಸುವ ರಾಜ್ಯೋತ್ಸವವನ್ನು ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ತಮ್ಮ ದುಡಿಮೆಯಿಂದ ಚಂದಾ ಎತ್ತಿ, ಬಾವುಟ ಕಟ್ಟಿ, ರಸ್ತೆಯ ಮಗ್ಗುಲಲ್ಲಿ ವೇದಿಕೆ ಹಾಕಿ ಆರ್ಕೆಸ್ಟ್ರಾ ಕರೆಸುತ್ತಾರೆ. ಅಣ್ಣಾವ್ರ ಹಾಡು ಶುರುವಾದರೆ ಉರ್ದು ಮನೆಮಾತಿನ ಚಾಲಕನೂ ತಮಿಳು ಮನೆಮಾತಿನ ತರಕಾರಿ ವ್ಯಾಪಾರಿಯೂ ಒಟ್ಟಿಗೆ ಬಾಯಿ ಸೇರಿಸುತ್ತಾರೆ. ಕನ್ನಡ ಈ ಕಡೆ ಇಲ್ಲ ಎನ್ನುವವರನ್ನು ನಾನು ಅಲ್ಲಿಗೇ ಕರೆದುಕೊಂಡು ಹೋಗುವುದು.

ಯಾವತ್ತು ನಡೆಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಹುಡುಕಬೇಡಿ; ನವೆಂಬರ್ ಒಂದಕ್ಕೇ ಆಗಬೇಕೆಂದಿಲ್ಲ, ತಿಂಗಳ ಯಾವ ವಾರವಾದರೂ ಆದೀತು, ಚಂದಾ ಕೂಡಿಬರುವುದರ ಮೇಲೆ ಅದು ನಿಂತಿದೆ. ನಿಮ್ಮ ಪಿ.ಜಿ.ಯ ಹತ್ತಿರದ ನಿಲ್ದಾಣದಲ್ಲಿ ಸಾಲಿನಲ್ಲಿ ಮೊದಲು ನಿಂತಿರುವ ಆಟೊದವರನ್ನು ಕೇಳಿ. "ಅಣ್ಣಾ, ಈ ಸಲ ಆರ್ಕೆಸ್ಟ್ರಾ ಯಾವತ್ತು?" ಎಂದರೆ ದಿನಾಂಕದ ಜೊತೆಗೆ, ಕಳೆದ ಸಲ ಯಾರು ಬಂದಿದ್ದರು, ಯಾವ ಹಾಡು ಹಾಡಿದರು ಎಂಬುದನ್ನೂ ಹೇಳುತ್ತಾರೆ. ಕೈಲಾದಷ್ಟು ಚಂದಾ ಕೊಟ್ಟು ಬನ್ನಿ.